ಎಂಬತ್ತಾರು ಸೆಂಟಿಮೀಟರಿನ ಎದೆ

ಔಷಧಿ ಅಂಗಡಿ ಇಟ್ಟುಕೊಂಡವರು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ನಗೆಯೇ ಚೀಟಿ ಹಿಡಿದುಕೊಂಡು ಕೌಂಟರಿಗೆ ಬರುತ್ತದೆ, ಅದೂ ಕೆಮ್ಮಿನವರು ನಾಲ್ಕು ಜನ, ಜ್ವರದವರು ಇಬ್ಬರು ನಿಂತಿರುವ ಹೊತ್ತಿನಲ್ಲೇ ಬರುತ್ತದೆ. ಆಗ ನಗುವ ಹಾಗೂ ಇಲ್ಲ. ಕೆಳಗೆ ಬಗ್ಗಿ ಖಾಲಿ ಡಬ್ಬದಲ್ಲಿ ಗುಳಿಗೆ ಹುಡುಕುವ ನಾಟಕ ಮಾಡಬೇಕು.

ನಾನು ಬನಹಟ್ಟಿಯಲ್ಲಿ ಮೆಡಿಕಲ್ ಅಂಗಡಿ ನಡೆಸುತ್ತ ಇಪ್ಪತ್ತು ವರ್ಷದ ಮೇಲಾಯಿತು. ಊರವರಿಗೆಲ್ಲ ನಾನು ‘ಮೆಡಿಕಲ್ ಅಕ್ಕಾರು’. ಮೊದಲೆಲ್ಲ ಇಲ್ಲಿನ ಗಂಡಸರು ಶಕ್ತಿಗೆಂದು ಕೇಳುತ್ತಿದ್ದುದು ಗ್ಲೂಕೋಸು, ಇಲ್ಲವೆ ಬಿ-ಕಾಂಪ್ಲೆಕ್ಸು. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಊರಿಗೆ ಜಿಮ್ ಬಂತು. ಅದರ ಹಿಂದೆಯೇ ಅಮೈನೋ ಆಸಿಡ್ ಗುಳಿಗೆ, ಪುಡಿ, ಮೊಣಕಾಲೆತ್ತರದ ಡಬ್ಬಿಗಳು ಬಂದವು. ಡಬ್ಬಿಯ ಮೇಲೆ ಒಬ್ಬ ಅಂಗಿ ಇಲ್ಲದ ಗಂಡಸು. ಅವನ ಕುತ್ತಿಗೆ ಎಲ್ಲಿ ಮುಗಿಯುತ್ತದೆ, ತಲೆ ಎಲ್ಲಿ ಶುರುವಾಗುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈಗ ಹೇಳುವುದೆಲ್ಲ ಆ ಡಬ್ಬಿಗಳ ಕಾಲದ ಸಂಗತಿ. ಎಲ್ಲವೂ ಒಬ್ಬನೇ ಹುಡುಗನ ಎದೆಯ ಸುತ್ತ ನಡೆದವು.

೧. ಬಗ್ಗಬ್ಯಾಡ

ಹುಡುಗ ಚಿಮ್ಮಡದವನು. ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಮನೆಯಲ್ಲಿ ಕುರಿ, ಸ್ವಲ್ಪ ಹೊಲ. ಮೊದಲ ಸಲ ಅಂಗಡಿಗೆ ಬಂದಾಗ ಒಂದು ತಾಸು ನಿಂತ. ಬೇರೆ ಗಿರಾಕಿ ಬಂದಾಗಲೆಲ್ಲ ಏನಾದರೊಂದು ಕೊಳ್ಳುತ್ತಿದ್ದ. ಹಾಗೆ ಅರಳೆ ಕೊಂಡ, ಕೆಮ್ಮಿನ ಚಪ್ಪರಿಸುವ ಗುಳಿಗೆ ಕೊಂಡ, ಭೇದಿಗೆ ಕುಡಿಯುವ ಪುಡಿ ಎರಡು ಸಲ ಕೊಂಡ. ಎಲ್ಲರೂ ಹೋದ ಮೇಲೆ ಹತ್ತಿರ ಬಂದ.

“ಅಕ್ಕಾರ, ಅಮೈನೋ ಆಸಿಡ್ ಗುಳಿಗಿ ಇಟ್ಟೀರೇನ್ರಿ?”

“ಯಾರಿಗಪಾ?”

“ನಮ್ಮ ಗೆಳ್ಯಾಗರಿ.”

“ಗೆಳ್ಯಾಗ ಏನ ತ್ರಾಸ ಐತಿ?”

“ಎದಿ ಒಂದೂವರಿ ಸೆಂಟಿಮೀಟರ್ ಕಡಿಮಿ ಐತ್ರಿ” ಎಂದವನೇ ತಲೆ ತಗ್ಗಿಸಿ ತನ್ನ ಅಂಗಿಯ ಗುಂಡಿ ನೋಡಿಕೊಂಡ.

ಆಮೇಲೆ ವಿಷಯ ಹೊರಬಿತ್ತು. ಪೊಲೀಸ್ ಪೇದೆ ಭರ್ತಿಗೆ ಹೋಗಿದ್ದನಂತೆ. ಎತ್ತರ ಸರಿ, ಓಟದಲ್ಲಿ ಎಲ್ಲರಿಗಿಂತ ಮುಂದೆ. ಎದೆ ಮಾತ್ರ ಎಂಬತ್ತಾರು ಬೇಕಾದಲ್ಲಿ ಎಂಬತ್ತನಾಲ್ಕೂವರೆ. ಅಲ್ಲಿಗೆ ಮನೆಗೆ ಕಳಿಸಿದರು. ಇನ್ನೊಂದು ಭರ್ತಿಗೆ ಆರು ತಿಂಗಳಿದೆ, ಅದಾದ ಮೇಲೆ ವಯಸ್ಸು ಮೀರುತ್ತದೆ. “ಅದೊಂದ ಸಲ ಉಳದೈತ್ರಿ” ಎಂದಾಗ ಅವನ ದನಿ ಇಳಿಯಿತು.

ಅಂಗಡಿಯವಳಾದರೂ ಸುಳ್ಳು ಹೇಳಿ ಮಾರುವುದು ನನಗೆ ಆಗದು. “ನೋಡ ತಮ್ಮಾ, ಹಾಲು, ತತ್ತಿ, ಬ್ಯಾಳಿ, ಶೇಂಗಾದಾಗ ಇರೂದನ್ನ ಬಿಡಿಸಿ ಗುಳಿಗಿ ಮಾಡ್ಯಾರ. ಅವೆಲ್ಲಾ ನಿಮ್ಮ ಮನ್ಯಾಗ ಅದಾವು. ಅವನ್ನ ತಿನ್ನು” ಎಂದೆ.

“ಅವನ್ನ ಹುಟ್ಟಿದಾಗಿಂದ ತಿನ್ನಾಕತ್ತೇನ್ರಿ. ಅವುಗಳ ಮ್ಯಾಲ ಎಂಬತ್ನಾಲ್ಕೂವರಿಗೆ ಬಂದೇನಿ. ಮುಂದಿನ ಒಂದೂವರಿ ಇದರ ಮ್ಯಾಲ ಆಗಬೇಕ್ರಿ.”

ಇಷ್ಟು ಸರಿಯಾಗಿ ಲೆಕ್ಕ ಹೇಳಿದವನಿಗೆ ಏನೆನ್ನುವುದು? ಕೊಟ್ಟೆ. ಹೋಗುವಾಗ ತಿರುಗಿ ಕೇಳಿದ, “ಇದು ಹೊಟ್ಟಿಗೆ, ಕಾಲಿಗೆ ಎಲ್ಲಾ ಹೋಗಿ ದಂಡ ಆಗಬಾರದರಿ. ಎದಿಗಷ್ಟ ಹೋಗಬೇಕಂದ್ರ ಹೆಂಗ ತಗೋಬೇಕು?”

ನನ್ನ ಬಾಯಿ ಸುಮ್ಮನಿರುವುದಲ್ಲ. “ನುಂಗಿದ ಮ್ಯಾಲ ಬಗ್ಗಬ್ಯಾಡ, ಅಲ್ಲೇ ನಿಂದರತೈತಿ” ಎಂದುಬಿಟ್ಟೆ.

ಮೂರು ದಿನ ಬಿಟ್ಟು ಬಂದ. ಅಂಗಡಿಯ ಎದುರು ಬಸ್ಸಿನಿಂದ ಇಳಿಯುವಾಗ ಒಂದು ಚಪ್ಪಲಿ ಕಳಚಿ ಬಿತ್ತು. ನೆಟ್ಟಗೆ ಮುಂದೆ ನೋಡುತ್ತಲೇ ಕಾಲಿನಿಂದ ತಡಕಾಡಿ ಅದನ್ನು ಹಾಕಿಕೊಂಡ.

“ಅಕ್ಕಾರ, ಮೂರ ದಿನ ಆತು, ಬಗ್ಗಿಲ್ಲ. ಬೀರಪ್ಪಗೂ ನಿಂತ ಕೈ ಮುಗಿಯಾಕತ್ತೇನಿ. ನಮ್ಮ ಅವ್ವ ಕೇಳಾಕತ್ತಾಳ್ರಿ, ಇಂವಗ ಈ ಸೊಕ್ಕ ಬರೂ ಔಷಧ ಯಾರ ಕೊಟ್ರು ಅಂತ.”

೨. ಮಗ್ಗದ ಜೊತೆ ಪೈಪೋಟಿ

ನಮ್ಮ ಊರಿನ ಜಿಮ್ ಎಂದರೆ ಒಂದು ಹಳೆಯ ಮಗ್ಗದ ಶೆಡ್. ಮಗ್ಗ ಕಿತ್ತು ಕಬ್ಬಿಣದ ಗುಂಡು ಇಟ್ಟಿದ್ದರು. ಪಕ್ಕದ ಶೆಡ್ಡಿನಲ್ಲಿ ಮಾತ್ರ ಪವರ್‌ಲೂಮು ಇನ್ನೂ ನಡೆಯುತ್ತಿತ್ತು. ಜಿಮ್ಮಿಗೆ ಬರುವವರೆಲ್ಲ ನೇಕಾರರ ಮಕ್ಕಳು, ತೊಟ್ಟಿಲಲ್ಲಿದ್ದಾಗಿಂದ ಖಟ್-ಖಟ್ ಕೇಳಿ ಬೆಳೆದವರು. ಆ ಸದ್ದು ಅವರ ಕಿವಿಗೆ ಬೀಳುವುದೇ ಇಲ್ಲ. ನಮ್ಮ ಪೊಲೀಸಪ್ಪ (ನಾನು ಅವನನ್ನು ಆಗಲೇ ಹಾಗೆ ಕರೆಯಲು ಶುರು ಮಾಡಿದ್ದೆ) ಅಡವಿಯಲ್ಲಿ ಕುರಿಯ ಜೊತೆ ಬೆಳೆದವನು. ಜಿಮ್ಮಿನ ಮಾಸ್ತರ, “ಒಂದ ಲಯ ಹಿಡದ ದಂಡ ಹೊಡಿ” ಎಂದರಂತೆ. ಅವನಿಗೆ ಅಲ್ಲಿ ಕೇಳುತ್ತಿದ್ದ ಲಯ ಅದೊಂದೇ.

ವಾರದಲ್ಲಿ ಅಂಗಡಿಗೆ ಬಂದ. ಕೌಂಟರಿನ ಮೇಲೆ ಕೈ ಇಡಲೂ ಆಗುತ್ತಿರಲಿಲ್ಲ. ನೋವಿನ ಮುಲಾಮು ಬೇಕೆಂದ. ತೂಕದ ಮಷಿನಿನ ಮೇಲೆ ನಿಲ್ಲಿಸಿದೆ. ಮೊದಲ ಸಲ ಬಂದಾಗ ತೂಗಿದ್ದಕ್ಕಿಂತ ಎರಡು ಕಿಲೋ ಕಡಿಮೆ. ವಿಚಾರಿಸಿದರೆ, ಮಗ್ಗ ಒಂದು ಸಲ ಬಡಿದಾಗ ಇವನು ಒಂದು ದಂಡ ಹೊಡೆಯಲು ನೋಡುತ್ತಿದ್ದ. ಕರೆಂಟು ಹೋದಾಗಷ್ಟೇ ಅವನಿಗೆ ವಿಶ್ರಾಂತಿ. ಆ ವಾರ ನಮ್ಮ ಊರಿನಲ್ಲಿ ಕರೆಂಟು ಒಂದು ಸಲವೂ ಹೋಗಿರಲಿಲ್ಲ, ಅದು ಅವನ ಹಣೆಬರಹ.

“ಮಗ್ಗದ ಜೋಡಿ ಪೈಪೋಟಿಗೆ ಬೀಳ್ತಾರೇನಪಾ? ಅದಕ್ಕ ಮೋಟರ್ ಐತಿ” ಎಂದೆ.

“ಮತ್ತ ನನಗ ಅಮೈನೋ ಐತಲ್ರಿ” ಎಂದ.

೩. ಒಬ್ಬನೇ ತಿಂದರೆ ಮೈಗೆ ಹತ್ತುವುದಿಲ್ಲ

ಗುಳಿಗೆ ಮುಗಿದ ಮೇಲೆ ಪುಡಿಯ ಡಬ್ಬಿ ಒಯ್ದ. ದಿನಕ್ಕೆ ಒಂದು ಚಮಚೆ, ಹಾಲಿನಲ್ಲಿ. ತಿಂಗಳಿಡೀ ಬರಬೇಕಾದ ಡಬ್ಬಿ. ಎಂಟನೇ ದಿನ ಖಾಲಿ ಡಬ್ಬಿ ಹಿಡಿದು ಬಂದು, “ಕಂಪನಿಯವರು ಅರ್ಧ ತುಂಬ್ಯಾರೇನ್ರಿ?” ಎಂದು ಕೇಳಿದ. ಅವನು ತಿಂದದ್ದು ಎಂಟೇ ಚಮಚೆ ಎಂದು ಆಣೆ ಮಾಡಿದ. ನನಗೂ ಬಗೆಹರಿಯಲಿಲ್ಲ.

ಸಂತೆಗೆಂದು ಅವನ ಅವ್ವ ಬಂದಾಗ ಬಗೆಹರಿಯಿತು. ಹಣೆ ತುಂಬ ಅರಿಶಿನದ ಭಂಡಾರ, ಬಾಯಿ ತುಂಬ ನಗೆ. ಒಳಗೆ ಬಂದವಳೇ ನನ್ನ ಕೈ ಹಿಡಿದುಕೊಂಡಳು.

“ಏನ ಪುಡಿ ಕೊಟ್ಟಿಬೇ ತಂಗಿ, ಓಣಿಗೆಲ್ಲಾ ರುಚಿ ಹತ್ತೈತಿ.”

“ಓಣಿಗೆ?”

ಅವರ ಮನೆಯ ಪದ್ಧತಿ ಹಾಗಂತೆ. ಹೊಸದು ಏನೇ ಬರಲಿ, ಮೊದಲು ಬೀರಪ್ಪನಿಗೆ ಎಡೆ. ಎಡೆಯಾದದ್ದು ಪ್ರಸಾದ, ಪ್ರಸಾದವನ್ನು ಹಂಚದೆ ಮುಚ್ಚಿಡುವುದು ಪಾಪ. ಡಬ್ಬಿ ಒಡೆದ ದಿನ ಒಂದು ಬಟ್ಟಲು ಪುಡಿ ಬೀರಪ್ಪನ ಮುಂದೆ ಇಟ್ಟಳು, ಆಮೇಲೆ ಬಿಸಿ ಹಾಲಿನಲ್ಲಿ ಕಲಸಿ ಓಣಿಗೆ ಕೊಟ್ಟಳು. ಚಾಕೊಲೇಟಿನ ರುಚಿ. ಮರುದಿನದಿಂದ ಮನೆಗೆ ಬಂದವರಿಗೆ ಚಹಾ ನಿಂತೇ ಹೋಯಿತು. ಎದುರುಮನೆಯ ಬಾಣಂತಿಗೆ ಒಂದು ಲೋಟ, ಹಲ್ಲಿಲ್ಲದ ಅಜ್ಜನಿಗೆ ಎರಡು ಲೋಟ, ಹಾಲು ಅಳೆಯಲು ಬರುವ ಡೈರಿಯವನಿಗೂ ಒಂದು.

“ಅವ್ವಾರ, ಅದು ನಿಮ್ಮ ಮಗನ ಎದಿಗೆ ತಂದದ್ದರಿ. ಅಂವ ಒಬ್ಬನ ತಿನ್ನಬೇಕು.”

ಅವಳು ನನ್ನನ್ನು ಕನಿಕರದಿಂದ ನೋಡಿದಳು. ಓದಿದವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಕನಿಕರ. “ಒಬ್ಬಾವನ ಮೂಲ್ಯಾಗ ಕುಂತ ತಿಂದದ್ದು ಮೈಗೆ ಹತ್ತತೈತೇನವಾ? ನಾಕ ಮಂದಿ ಕೂಡಿ ತಿಂದ್ರ ಹತ್ತತೈತಿ.”

ನಾನು ಓದಿದ ಪುಸ್ತಕದಲ್ಲಿ ಅಮೈನೋ ಆಸಿಡ್ ಹೇಗೆ ಮೈಗೆ ಹತ್ತುತ್ತದೆ ಎಂದು ಬರೆದಿತ್ತು, ಎಷ್ಟು ಮಂದಿ ಕೂತಿರಬೇಕು ಎಂದು ಬರೆದಿರಲಿಲ್ಲ.

ಮುಂದಿನ ವಾರ ಅದೇ ಓಣಿಯ ಬೇರೆ ಹೆಣ್ಣುಮಗಳೊಬ್ಬಳು ಬಂದು ಅದೇ ಡಬ್ಬಿ ಕೇಳಿದಳು. “ನಿಮ್ಮ ಮನ್ಯಾಗೂ ಯಾರರ ಪೊಲೀಸ್ ಭರ್ತಿಗೆ ಹೊಂಟಾರೇನ್ರಿ?” ಎಂದು ಕೇಳಿದೆ.

“ಇಲ್ಲರಿ, ಅವರ ಮನ್ಯಾಗ ಎಂಟ ದಿನ ಕುಡದೀವಿ, ತಿರುಗಿ ಕರೀಬೇಕಲ್ಲ? ಸೋಮಾರ ನಮ್ಮ ಮನ್ಯಾಗ ಅಮೈನೋ ಇಟ್ಟೀವಿ. ನೀವೂ ಬರ್ರಿ.”

೪. ಡುಬ್ಬ ಒತ್ತಿ ನೋಡುವ ಕಾಕಾ

ಎರಡು ತಿಂಗಳು ಕಳೆದರೂ ಎದೆ ಅಲ್ಲೇ ಇತ್ತು. ಹುಡುಗನ ಮುಖ ಬಾಡಿತ್ತು. ಒಂದು ದಿನ ತನ್ನ ಕಾಕಾನನ್ನು ಕರೆದುಕೊಂಡು ಬಂದ. ತಲೆಗೆ ಹಳದಿ ರುಮಾಲು, ಹೆಗಲಿಗೆ ಕರಿ ಕಂಬಳಿ. ಮಾತು ಕಡಿಮೆ, ಕಣ್ಣು ಚುರುಕು. ಆಯುಷ್ಯವಿಡೀ ಟಗರು ಸಾಕಿದ ಮನುಷ್ಯ.

ಅದೇ ಹೊತ್ತಿಗೆ ಡಬ್ಬಿ ಕಂಪನಿಯ ಮಾಲು ಮಾರಲು ಬರುವ ರೆಪ್ ಕೂಡ ಅಂಗಡಿಯಲ್ಲಿದ್ದ. ಕುತ್ತಿಗೆಗೆ ಟೈ, ಕೈಯಲ್ಲಿ ಬಣ್ಣದ ಪುಸ್ತಕ. ಆಳು ಮಾತ್ರ ಗಾಳಿ ಬೀಸಿದರೆ ಕಂಬ ಹಿಡಿಯಬೇಕು, ಅಷ್ಟು ತೆಳ್ಳಗೆ. ಕಾಕಾನಿಗೆ ಪುಸ್ತಕ ತೆರೆದು ಸ್ನಾಯು ಹೇಗೆ ಬೆಳೆಯುತ್ತದೆ ಎಂದು ಹತ್ತು ನಿಮಿಷ ತಿಳಿಸಿ ಹೇಳಿದ. ಕಾಕಾ ಎಲ್ಲ ಕೇಳಿದ. ಆಮೇಲೆ ಹುಡುಗನನ್ನು ತಿರುಗಿಸಿ ನಿಲ್ಲಿಸಿ, ಸೊಂಟದ ಮೇಲೆ ಬೆನ್ನಿನ ಎಲುಬಿನ ಎರಡೂ ಕಡೆ ಹೆಬ್ಬೆರಳು ಒತ್ತಿದ. ಪಕ್ಕೆಲುಬಿನ ಮೇಲೆ ಬೆರಳಾಡಿಸಿದ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ. ಸಂತೆಯಲ್ಲಿ ಟಗರು ನೋಡುವುದು ಹೀಗೆಯೇ. ಹುಡುಗ ನಾಚಿ ನೆಲ ನೋಡುತ್ತಿದ್ದ.

“ಜಂತಿನ ಔಷಧ ಹಾಕೀರೇನ್ರಿ ಇಂವಗ?” ಎಂದು ನನ್ನನ್ನು ಕೇಳಿದ.

ಇಲ್ಲವೆಂದು ತಲೆಯಾಡಿಸಿದೆ.

“ಮಳಿಗಾಲದ ಮುಂದ ಟಗರಿಗೆ ಮದಲ ಜಂತಿನ ಔಷಧ, ಆಮ್ಯಾಲ ಹಿಂಡಿ. ಅದನ್ನ ಬಿಟ್ಟ ಹಿಂಡಿ ಹಾಕಿದ್ರ ಯಾರ ದಪ್ಪ ಆಗ್ತಾರ? ಟಗರ ಅಲ್ಲ, ಜಂತ.”

ಬೆಲೆಬಾಳುವ ಪುಡಿ, ಗುಳಿಗೆ ಎಲ್ಲ ಕೊಟ್ಟ ನಾನು, ವರ್ಷಕ್ಕೊಂದು ಸಲ ಶಾಲೆಯಲ್ಲಿ ಮಕ್ಕಳಿಗೆ ಪುಕ್ಕಟೆ ಹಂಚುವ ಗುಳಿಗೆಯನ್ನು ಮರೆತಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಎದುರಿನ ಡಾಕ್ಟರರಿಗೆ ತೋರಿಸಿ ಅದನ್ನೇ ಕೊಡಿಸಿದೆ. ಅಲ್ಲಿಂದ ಮುಂದೆ ಹುಡುಗ ಉಣ್ಣತೊಡಗಿದ. ಬೆಳಗ್ಗೆ ಐದು ರೊಟ್ಟಿ, ಮಧ್ಯಾಹ್ನ ಏಳು. “ಹಿಟ್ಟ ಬೀಸಿ ಬೀಸಿ ನನ್ನ ಎದಿ ಹೆಚ್ಚಾತು” ಎಂದು ಅವನ ಅವ್ವ ಹೇಳಿ ಕಳಿಸಿದಳು.

ಆ ದಿನ ಕಾಕಾ ಹೊರಡುವಾಗ ಬಾಗಿಲಲ್ಲಿ ನಿಂತ. ರೆಪ್ಪಿನ ಕಡೆ ತಿರುಗಿ ಅವನ ಡುಬ್ಬಕ್ಕೂ ಎರಡು ಹೆಬ್ಬೆರಳು ಒತ್ತಿದ. ಪಾಪ, ಅವನು ಟೈ ಹಿಡಿದುಕೊಂಡು ನಿಂತ.

“ಅಕ್ಕಾರ” ಎಂದ ಕಾಕಾ ನನಗೆ, “ಇಂವಗ ಎರಡ ಗುಳಿಗಿ ಕೊಡ್ರಿ.”

೫. ಎರಡು ಬೆರಳು

ಎದೆ ಅಳೆಯುವ ಕೆಲಸ ನಮ್ಮ ಪಕ್ಕದ ಅಂಗಡಿಯ ಟೇಲರ್ ಮಾಮಾನದು. ಅರವತ್ತರ ಹತ್ತಿರದ ಮೃದು ಮನುಷ್ಯ. ಪ್ರತಿ ಶುಕ್ರವಾರ ಹುಡುಗ ಜಿಮ್ಮಿನಿಂದ ಬಂದು ಕೈ ಅಗಲಿಸಿ ನಿಲ್ಲುತ್ತಿದ್ದ, ಮಾಮಾ ಟೇಪು ಸುತ್ತಿ ಗಟ್ಟಿಯಾಗಿ ಕೂಗುತ್ತಿದ್ದರು, ನಾನು ಕೌಂಟರಿನಿಂದಲೇ ಕೇಳಿಸಿಕೊಂಡು ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದೆ. ಎಂಬತ್ತಾರು ಆಯಿತು. ಎಂಬತ್ತೇಳು ಆಯಿತು. ಭರ್ತಿಗೆ ವಾರ ಉಳಿದಾಗ ಎಂಬತ್ತೆಂಟೂವರೆ. ಆ ದಿನ ನಾನೇ ಎಲ್ಲರಿಗೂ ಚಹಾ ತರಿಸಿದೆ.

ಚಹಾ ಕುಡಿಯುತ್ತ ಸುಮ್ಮನೆ ಮಾಮಾನ ಕೈ ನೋಡಿದೆ. ಬೇರೆ ಯಾರದೋ ಅಂಗಿಯ ಅಳತೆ ತೆಗೆಯುತ್ತಿದ್ದರು. ಟೇಪಿನ ಒಳಗೆ ಎರಡು ಬೆರಳು.

“ಮಾಮಾ, ಆ ಬೆರಳ ಯಾಕ ಒಳಗ ಇಟ್ಟೀರಿ?”

“ಲೂಜ್ ಬೇಕಲ್ರಿ ಅಕ್ಕಾರ. ಉಸಿರಾಡಾಕ ಜಾಗಾ ಬ್ಯಾಡೇನು?”

“ಪೊಲೀಸಪ್ಪಗೂ ಹಿಂಗ ಅಳೀತಿದ್ರೇನ್ರಿ?”

ಮಾಮಾ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ತಲೆ ಕೆರೆದುಕೊಂಡರು. “ಮದಲ ಎರಡ ಬೆರಳ ಇಟ್ಟಿದ್ನಿರಿ. ಒಂದ ಶುಕ್ರವಾರ ಹುಡುಗನ ಮಾರಿ ಭಾಳ ಸಣ್ಣ ಆಗಿತ್ತು. ಅವತ್ತ ಮೂರ ಇಟ್ಟೆ.”

ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯ ಟೇಪು ತಂದು ಹುಡುಗನ ಬನಿಯನ್ನು ಬಿಚ್ಚಿಸಿ ಬೆರಳಿಲ್ಲದೆ ಅಳೆದೆ. ಎಂಬತ್ತೈದೂ ಮುಕ್ಕಾಲು. ಕಾಲು ಸೆಂಟಿಮೀಟರ್ ಕಡಿಮೆ! ಹುಡುಗ ನನ್ನ ಮುಖ ನೋಡಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೇಳಿಬಿಟ್ಟೆ. ಅವನು ಅಳಲಿಲ್ಲ, ಬನಿಯನ್ನು ಹಾಕಿಕೊಂಡು ಜಿಮ್ಮಿಗೆ ವಾಪಸು ನಡೆದ. ಅವನು ಹೋದ ದಾರಿ ನೋಡುತ್ತ ನಾನು ಆ ಮುದುಕನನ್ನು ಬಾಯಿಗೆ ಬಂದಂತೆ ಬೈದೆ.

ಮಾಮಾ ಎಲ್ಲ ಬೈಗುಳ ಕೇಳಿ ಮೆಲ್ಲಗೆ ಅಂದರು, “ನಾಲ್ವತ್ತ ವರ್ಷ ಆತ್ರಿ ಅಕ್ಕಾರ, ಈ ಕೈ ಯಾರಿಗೂ ಟೈಟ್ ಮಾಡಿಲ್ಲ.”

೬. ಉಸಿರು

ಭರ್ತಿ ಬಾಗಲಕೋಟೆ ನವನಗರದ ಮೈದಾನದಲ್ಲಿ. ಹುಡುಗ ಬೆಳಗಿನ ಮೊದಲ ಬಸ್ಸಿಗೆ ಹೋದ. ನನಗೆ ಆ ದಿನ ಯಾವ ಚೀಟಿಯೂ ತಲೆಗೆ ಹೋಗಲಿಲ್ಲ. ಜ್ವರದ ಔಷಧ ಕೇಳಿದವರಿಗೆ ಹಲ್ಲಿನ ಪೇಸ್ಟು ಕೊಟ್ಟೆ. ಮಾಮಾ ಮೆಷಿನಿನ ಮುಂದೆ ಕೂತಿದ್ದರೇ ಹೊರತು ಒಂದು ಹೊಲಿಗೆಯೂ ಹಾಕಿರಲಿಲ್ಲ. ಸಂಜೆ ಐದರ ಬಸ್ಸಿನಿಂದ ಹುಡುಗ ಇಳಿದ. ಕೈಯಲ್ಲಿ ಪೇಢೆಯ ಪೊಟ್ಟಣ. ಅದನ್ನು ನೋಡಿದ ಕೂಡಲೆ ನನಗೆ ಕಣ್ಣೀರು ಬಂತು, ಮುಚ್ಚುಮರೆ ಏನು?

ಸುದ್ದಿ ತಿಳಿದದ್ದೇ ಎಲ್ಲರೂ ಹಕ್ಕು ಹೇಳಿಕೊಂಡು ಬಂದರು. ಅವ್ವ ಬೀರಪ್ಪನ ಎಡೆಯಿಂದ ಆಯಿತೆಂದಳು, ಕಾಕಾ ಜಂತಿನ ಔಷಧವೆಂದ, ಜಿಮ್ಮಿನ ಮಾಸ್ತರ ದಂಡವೆಂದರು. ರೆಪ್ ಅವನ ಫೋಟೋ ತೆಗೆದು ಡಬ್ಬಿಯ ಪಕ್ಕ ಹಾಕುತ್ತೇನೆಂದ. ಎಲ್ಲರ ಮಾತು ಮುಗಿದ ಮೇಲೆ, ಮೈದಾನದಲ್ಲಿ ಏನಾಯಿತೆಂದು ಹುಡುಗನೇ ಹೇಳಿದ. ಅವನ ಮಾತಿನಲ್ಲೇ ಕೇಳಿ:

“ಓಡೂದು ಮುಗೀತ್ರಿ, ಪಾಸಾದೆ. ಆಮ್ಯಾಲ ಎದಿ ಅಳಿಯೂ ಸಾಲಿನಾಗ ನಿಂತೆ. ನಿಂತಲ್ಲೇ ನೂರ ದಂಡ ಹೊಡದೆ, ನರ ಎಲ್ಲಾ ಉಬ್ಬಿದ್ದೂವು. ಅಳಿಯಾವರು ಒಬ್ಬರು ವಯಸ್ಸಾದ ಹವಾಲ್ದಾರರು. ಟೇಪ್ ಸುತ್ತಿ ‘ಎಂಬತ್ತಾರು’ ಅಂದ್ರು. ಅಕ್ಕಾರ, ಅಲ್ಲೇ ಜೀವ ಹಗುರಾತು. ಆದ್ರ ಅವರು, ‘ಈಗ ಉಸಿರ ತಗೊಂಡ ಐದ ಸೆಂಟಿಮೀಟರ್ ಉಬ್ಬಸು’ ಅಂದ್ರು. ಅದು ನನಗ ಗೊತ್ತಿತ್ರಿ, ಮನ್ಯಾಗ ಆರಾಮ ಮಾಡತಿದ್ನಿ. ಅಲ್ಲಿ ಅಂಜಿಕಿಗೆ ಉಸಿರ ಒಳಗ ಬರವಲ್ದು. ಮೂರ ಸೆಂಟಿಮೀಟರಿಗೆ ನಿಂತ ಬಿಡ್ತು. ಎರಡನೇ ಸಲನೂ ಮೂರ. ‘ಇನ್ನೊಂದ ಸಲ ನೋಡ್ತೇನಿ ತಮ್ಮಾ, ಆಗಲಿಲ್ಲಂದ್ರ ನಡಿ ಮನಿಗೆ’ ಅಂದ್ರು.

“ಅವರು ಹಂಗ ನನ್ನ ಮಾರಿ ನೋಡಿ, ‘ಊರಾಗ ಏನ ಮಾಡ್ತಿ?’ ಅಂತ ಕೇಳಿದ್ರು. ಕುರಿ ಕಾಯ್ತೇನ್ರಿ ಅಂದೆ. ‘ಕುರಿ ಆ ಕಡೆ ಗುಡ್ಡಕ್ಕ ಹೋಗ್ಯಾವಂತ ತಿಳಿ. ತೋಳ ಬಂದೈತಿ. ಹೆಂಗ ಕರೀತಿ?’ ಅಂದ್ರು. ಅಷ್ಟ ಕೇಳೂದ ತಡ, ನನಗ ಮೈದಾನ ಮರತ ಹೋತ್ರಿ. ಹೊಟ್ಟಿಯಿಂದ ಎದಿ ತನಕ ಉಸಿರ ಎಳಕೊಂಡೆ. ಟೇಪ್ ಹವಾಲ್ದಾರರ ಕೈಯಾಗ ಸರ್ರ್ ಅಂತ ಜಾರಿತು. ‘ತೊಂಬತ್ತೆರಡು, ಸಾಕ ಸಾಕು’ ಅಂದ್ರು.”

“ಮತ್ತ?” ಎಂದರು ಟೇಲರ್ ಮಾಮಾ. ಅವರ ಕಣ್ಣಲ್ಲೂ ನೀರಿತ್ತು.

“ತಗೊಂಡ ಉಸಿರ ಏನ ಮಾಡೂದ್ರಿ? ಕೂಗ ಹಾಕಿಬಿಟ್ಟೆ. ಹೋ… ಓ… ಅಂತ, ಗುಡ್ಡದ ಕೂಗು. ಆ ಕಡೆ ಮುಂದಿನ ಓಟದವರು ಗೆರಿ ಮ್ಯಾಲ ತಯಾರಾಗಿ ಬಗ್ಗಿ ನಿಂತಿದ್ರು. ಓಡ್ರಿ ಅಂದ್ರಂತ ತಿಳದ ಅಷ್ಟೂ ಮಂದಿ ಓಟ ಕಿತ್ರು. ಗೇಟಿನ ಕಡೆ ನಿಂತಿದ್ದ ಸಾಹೇಬ್ರು ಸೀಟಿ ಊದಿದ್ರು, ನಿಂದರವಲ್ರು. ಕೈ ಬೀಸಿದ್ರು, ನಿಂದರವಲ್ರು. ಕಡೀಕ ಸಾಹೇಬ್ರು ನನ್ನ ಕಡೆ ಬಂದು, ‘ಹೊಡದಾವ ನೀನಲಾ, ಹೊಳ್ಳಿಸಾವನೂ ನೀನ. ತಿರುಗಿ ಕರಿ’ ಅಂದ್ರು. ನಾ ಕುರಿ ಹೊಳ್ಳಿಸೂ ಕೂಗ ಹಾಕಿದೆ. ಎಲ್ಲಾರೂ ಗಕ್ಕನ ನಿಂತು, ತಿರುಗಿ, ಸಾಲಾಗಿ ಬಂದ್ರರಿ. ಅವರಾಗ ಅರ್ಧ ಮಂದಿ ಮುಧೋಳ, ಬೀಳಗಿ ಕಡೆಯ ನಮ್ಮ ಕುರಿಯವರ ಇದ್ರು, ಉಳದಾವರು ಅವರ ಹಿಂದ ಬಂದ್ರು.”

“ಸಾಹೇಬ್ರು ಬೈದ್ರೇನೋ?” ಎಂದೆ ನಾನು.

“ಇಲ್ಲರಿ. ಹವಾಲ್ದಾರರ ಕಡೆ ತಿರುಗಿ, ‘ಇವನ ಎದಿ ಎಷ್ಟ ಬಂತ್ರಿ?’ ಅಂದ್ರು. ‘ತೊಂಬತ್ತೆರಡು ಸರ್’ ಅಂದ್ರು ಹವಾಲ್ದಾರರು. ಅದಕ್ಕ ಸಾಹೇಬ್ರು, ‘ಇದಕ್ಕ ಟೇಪ್ ಯಾಕ ಬೇಕಿತ್ರಿ? ನನಗ ಗೇಟಿನ ತನಕ ಕೇಳಿಸ್ತು’ ಅಂದ್ರು.”